ಸೂರಿನ ನೀರು, ತೆಂಗಿನ ಬೇರು

ಮನೆಗೆ ಮಾಡು ಹುಟ್ಟಿದ್ದು ಮಳೆಯನ್ನು ಹೊರಗಿಡುವುದಕ್ಕೆ. ಹೊರಗಿಟ್ಟ ಆ ಮಳೆಯನ್ನು ಹಿಡಿದು ಕೊಡುವ ಕೆಲಸವನ್ನೂ ಅದೇ ಮಾಡಿಗೆ ವಹಿಸಬೇಕೆಂಬ ಮಾತು ಈಚಿನ ಎರಡು ದಶಕಗಳಿಂದ ನಮ್ಮ ನಾಡಿನಲ್ಲಿ ಬಲವಾಗಿ ಕೇಳಿಬರುತ್ತಿದೆ. ಮಾತು ಒಳ್ಳೆಯದೇ. ಆದರೆ ಈ ಕುರಿತ ಭಾಷಣಗಳಲ್ಲಿಯೂ ಗೋಡೆಬರಹಗಳಲ್ಲಿಯೂ ಕೊಳವೆ, ಫಿಲ್ಟರು, ತೊಟ್ಟಿಗಳ ವಿಚಾರ ಬರುವಷ್ಟು, ಮಳೆ ಮೊಟ್ಟಮೊದಲು ಬಂದು ಮುಟ್ಟುವ ಮೇಲ್ಮೈಯ ವಿಚಾರ ಬರುವುದಿಲ್ಲ. ಹೆಂಚಿನ ಮೇಲೆ ಬಿದ್ದ ನೀರೂ ತಗಡಿನ ಮೇಲೆ ಬಿದ್ದ ನೀರೂ ಕೊಳವೆಗೆ ಇಳಿದ ಮೇಲೆ ಒಂದೇ ಎಂಬಂತೆ ನಾವು ಮಾತನಾಡುತ್ತೇವೆ. ಅವು ಒಂದೇ ಅಲ್ಲ. ಎಷ್ಟರಮಟ್ಟಿಗೆ ಬೇರೆ, ಆ ಬೇರೆತನ ಯಾರಿಗೆ ಮುಖ್ಯ ಎಂಬುದೇ ಇಲ್ಲಿ ವಿಚಾರಿಸಬೇಕಾದ ವಿಷಯ.

ಬೆಂಗಳೂರಿನಲ್ಲಿ 2009ರಲ್ಲಿ ಮಳೆನೀರಿನ ಸಂಗ್ರಹವನ್ನು ಕಾನೂನು ಕಡ್ಡಾಯಗೊಳಿಸಿದಾಗ ಈ ಪ್ರಶ್ನೆ ಅಷ್ಟಾಗಿ ಏಳಲಿಲ್ಲ. ಅಲ್ಲಿ ಮನೆಯೆಂದರೆ ಬಹುಮಟ್ಟಿಗೆ ತಾರಸಿ ಮನೆಯೇ. ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿಗಳ ತೆಂಗಿನ ಸೀಮೆಯ ಮಾತು ಹಾಗಲ್ಲ. ಇಲ್ಲಿಯ ಒಂದೇ ಬೀದಿಯಲ್ಲಿ ನಾಡಹೆಂಚಿನ ಹಳೆಯ ತೊಟ್ಟಿಮನೆ, ಅದರ ಮಗ್ಗುಲಲ್ಲಿ ಮಂಗಳೂರು ಹೆಂಚಿನ ಕೊಬ್ಬರಿ ಮನೆ, ಎದುರಿಗೆ ಪಟ್ಟಣ ಸೇರಿದ ಮಗ ಕಟ್ಟಿಸಿದ ತಾರಸಿ, ಹಿತ್ತಿಲಲ್ಲಿ ಸಿಮೆಂಟ್ ಶೀಟಿನ ಕೊಟ್ಟಿಗೆ, ತೋಟದಲ್ಲಿ ತಗಡಿನ ಶೆಡ್ಡು, ಮೂಲೆಯಲ್ಲೆಲ್ಲೋ ತೆಂಗಿನ ಗರಿ ಹೊದಿಸಿದ ಚಪ್ಪರ—ಇಷ್ಟನ್ನೂ ಕಾಣಬಹುದು. ಮೋಡ ಒಂದೇ, ಅದರ ನೀರು ಆರು ಬಗೆಯಾಗಿ ನೆಲಕ್ಕೆ ಇಳಿಯುತ್ತದೆ.

ಈ ಸೀಮೆಗೆ ವರ್ಷಕ್ಕೆ ಬೀಳುವ ಮಳೆ ಸುಮಾರು 600ರಿಂದ 700 ಮಿಲಿಮೀಟರ್. ಅದರಲ್ಲಿ ಒಂದು ಪಾಲು ಮೇ ತಿಂಗಳ ಗುಡುಗಿನ ಮಳೆ. ದೊಡ್ಡ ಪಾಲು ಸೆಪ್ಟೆಂಬರ್, ಅಕ್ಟೋಬರುಗಳದು. ತೆಂಗು ಬಾಯಾರುವುದು ಜನವರಿಯಿಂದ ಏಪ್ರಿಲಿನವರೆಗೆ. ಗೊರೂರಿನ ಅಣೆಕಟ್ಟಿನಿಂದ ಬಾಗೂರು–ನವಿಲೆ ಸುರಂಗವನ್ನು ಹಾದು ಬರುವ ಹೇಮಾವತಿಯ ನಾಲೆ ಕೆಲವು ಕೆರೆಗಳನ್ನು ತುಂಬಿಸುತ್ತದೆಯೆಂಬುದು ನಿಜ. ನಾಲೆ ಮುಟ್ಟದ ತೋಟಗಳಿಗೆ ಕೊಳವೆಬಾವಿಯೇ ಗತಿ. ತಿಪಟೂರು, ಚಿಕ್ಕನಾಯಕನಹಳ್ಳಿಗಳಾದರೋ ಅಂತರ್ಜಲವನ್ನು ಮಿತಿಮೀರಿ ಬಳಸಿದ ತಾಲ್ಲೂಕುಗಳ ಸರ್ಕಾರಿ ಪಟ್ಟಿಯಲ್ಲಿ ಸೇರುತ್ತ ಬಂದಿವೆ. 2023ರಲ್ಲಿ ರಾಜ್ಯದ 236 ತಾಲ್ಲೂಕುಗಳ ಪೈಕಿ 223ನ್ನು ಬರಪೀಡಿತವೆಂದು ಸಾರಿದ ಮೇಲೆ ಬಂದ ಬೇಸಿಗೆಯಲ್ಲಿ ಟ್ಯಾಂಕರಿನ ನೀರನ್ನು ಕೊಂಡು ಗಿಡ ಉಳಿಸಿಕೊಂಡವರಿದ್ದಾರೆ. ಅಂಥವರ ಕಣ್ಣು ತಮ್ಮ ಮನೆಯ ಸೂರಿನ ಕಡೆಗೆ ತಿರುಗಿದರೆ ಆಶ್ಚರ್ಯವಿಲ್ಲ.

ಮೊದಲು ಲೆಕ್ಕ. ಹತ್ತು ಚದರದ ಮನೆಯೆಂದರೆ ಸಾವಿರ ಚದರಡಿ, ಸುಮಾರು 93 ಚದರ ಮೀಟರು. 650 ಮಿಲಿಮೀಟರ್ ಮಳೆ ಬಿದ್ದರೆ ಅದರ ಮೇಲೆ ಬರುವ ನೀರು 60,000 ಲೀಟರು. ಆವಿಯಾದದ್ದು, ಹೆಂಚು ಹೀರಿದದ್ದು, ದೋಣಿಯಿಂದ ಹೊರಚೆಲ್ಲಿದ್ದು ಎಂದು ಐದನೆಯ ಒಂದು ಪಾಲನ್ನು ಕಳೆದರೆ ಉಳಿಯುವುದು 48,000 ಲೀಟರು. ಬೇಸಿಗೆಯಲ್ಲಿ ಹನಿ ನೀರಾವರಿಯಿಂದ ಒಂದು ತೆಂಗಿಗೆ ದಿನಕ್ಕೆ 50 ಲೀಟರಿನಂತೆ ನಾಲ್ಕು ತಿಂಗಳು ಕೊಟ್ಟರೆ 6,000 ಲೀಟರು ಬೇಕು. ಅಂದರೆ ಇಡೀ ವರ್ಷದ ಮಳೆಯನ್ನು ಒಂದು ತೊಟ್ಟೂ ಬಿಡದೆ ಕೂಡಿಟ್ಟರೂ ಹತ್ತು ಚದರದ ಮನೆ ಸಾಕಬಲ್ಲದ್ದು ಎಂಟು ಮರಗಳನ್ನು. ಮೂವತ್ತು ಅಡಿಗೊಂದರಂತೆ ನೆಟ್ಟ ಎಕರೆಯಲ್ಲಿ 48 ಮರಗಳಿರುತ್ತವೆ. ಸೂರಿನ ನೀರಿನಿಂದ ತೋಟವನ್ನೇ ಬೆಳೆಸಿಬಿಡಬಹುದೆಂದು ಹೇಳುವವರು ಈ ಭಾಗಾಕಾರವನ್ನು ಮಾಡಿಲ್ಲವೆಂದೇ ನನ್ನ ಭಾವನೆ.

ಹಾಗೆಂದು ಅದು ಅಲ್ಪವೂ ಅಲ್ಲ. ಸಸಿಮಡಿಗೆ, ನೆಟ್ಟ ಮೊದಲ ಎರಡು ಮೂರು ವರ್ಷಗಳ ಎಳೆಗಿಡಗಳಿಗೆ, ಹಿತ್ತಿಲ ತರಕಾರಿಗೆ, ದನಕರುಗಳಿಗೆ ಇದು ದೊಡ್ಡ ಆಸರೆ. ಇವೆಲ್ಲಕ್ಕಿಂತ ಹೆಚ್ಚಾಗಿ, ತೊಟ್ಟಿ ಕಟ್ಟಲಾರದವರು ಈ ನೀರನ್ನು ಬತ್ತಿದ ಕೊಳವೆಬಾವಿಗೆ ಇಳಿಸುತ್ತಿದ್ದಾರೆ. ಈ ಕೊನೆಯ ಉಪಯೋಗಕ್ಕೆ ಮುಂದೆ ಬರುತ್ತೇನೆ. ಮಾಡಿನ ಪ್ರಶ್ನೆ ನಿಜವಾಗಿ ಗಂಭೀರವಾಗುವುದು ಅಲ್ಲಿಯೇ.

ಇಲ್ಲಿಯ ಜನ ಮಾಡನ್ನು ಆರಿಸಿದ್ದು ಯಾವ ದೃಷ್ಟಿಯಿಂದ? ನೀರಿನ ದೃಷ್ಟಿಯಿಂದಂತೂ ಅಲ್ಲ. ಅಟ್ಲಾಂಟಿಕ್ ಸಾಗರದ ಬರ್ಮುಡಾ ದ್ವೀಪದಲ್ಲಿ ಹೊಳೆಯಿಲ್ಲ, ಸಿಹಿನೀರಿನ ಕೆರೆಯಿಲ್ಲ. ಅಲ್ಲಿಯವರು ಸುಣ್ಣಗಲ್ಲಿನ ಚಪ್ಪಡಿಗಳನ್ನು ಮೆಟ್ಟಿಲು ಮೆಟ್ಟಿಲಾಗಿ ಹೊದಿಸಿ, ಮೇಲೆ ಸುಣ್ಣ ಬಳಿದು, ಮನೆಯ ಮಾಡನ್ನು ನೀರಿಗಾಗಿಯೇ ಕಟ್ಟುವುದನ್ನು ಶತಮಾನಗಳಿಂದ ರೂಢಿಸಿಕೊಂಡಿದ್ದಾರೆ. ನಮ್ಮಲ್ಲಿ ಮಾಡು ಕೊಬ್ಬರಿಯ ಸೇವಕ. ತಿಪಟೂರಿನ ಉಂಡೆ ಕೊಬ್ಬರಿಯಾಗಬೇಕಾದರೆ ಕಾಯಿಯನ್ನು ಎಂಟು ಹತ್ತು ತಿಂಗಳು ಅಟ್ಟದ ಮೇಲೆ ಇಡಬೇಕು. ಒಳಗಿನ ನೀರು ಇಂಗಿ, ತಿರುಳು ಚಿಪ್ಪಿನಿಂದ ಕಳಚಿಕೊಂಡು, ಅಲ್ಲಾಡಿಸಿದರೆ ಲೊಡಲೊಡ ಎನ್ನಬೇಕು. ಇದಕ್ಕೆ ಬೆಚ್ಚಗೂ ಇರಬೇಕು, ಗಾಳಿಯೂ ಆಡಬೇಕು. ಹೆಂಚಿನ ಸಂದುಗಳಲ್ಲಿ ಉಸಿರಾಡುವ ಅಟ್ಟ ಇದಕ್ಕೆ ಹೇಳಿಮಾಡಿಸಿದಂತಿತ್ತು. 1860ರ ದಶಕದಲ್ಲಿ ಬಾಸೆಲ್ ಮಿಷನ್ನಿನವರು ಮಂಗಳೂರಿನಲ್ಲಿ ಹೆಂಚಿನ ಕಾರ್ಖಾನೆ ತೆರೆದ ಮೇಲೆ ಆ ಹೆಂಚು ಘಟ್ಟ ಹತ್ತಿ ಬಂದು ಇಲ್ಲಿಯ ಕುಂಬಾರನ ನಾಡಹೆಂಚನ್ನು ಮೆಲ್ಲಮೆಲ್ಲನೆ ಕೆಳಗಿಳಿಸಿತು. ಈಗ ಅದೇ ಮಂಗಳೂರು ಹೆಂಚನ್ನು ಶೀಟು ಇಳಿಸುತ್ತಿದೆ. ಕಾರಣವೂ ಸ್ಪಷ್ಟ: ತೋಟದ ನಡುವಿನ ಮನೆಯ ಮೇಲೆ ಹೆಡೆಮಟ್ಟೆ ಬೀಳುತ್ತದೆ, ಕಾಯಿ ಬೀಳುತ್ತದೆ, ಕೋತಿ ಕುಣಿಯುತ್ತದೆ, ವರ್ಷ ವರ್ಷವೂ ಹೆಂಚು ಬದಲಾಯಿಸುವ ಆಳು ಸಿಕ್ಕುವುದಿಲ್ಲ. 2025ರಲ್ಲಿ ಉಂಡೆ ಕೊಬ್ಬರಿಗೆ ಕೇಂದ್ರ ಸರ್ಕಾರ ಗೊತ್ತುಮಾಡಿದ ಬೆಂಬಲ ಬೆಲೆ ಕ್ವಿಂಟಾಲಿಗೆ 12,100 ರೂಪಾಯಿ. ತಿಪಟೂರಿನ ಮಾರುಕಟ್ಟೆಯಲ್ಲಿ ಬೆಲೆ ಅದರ ಎರಡರಷ್ಟನ್ನು ಮುಟ್ಟಿತ್ತು. ಕೈಯಲ್ಲಿ ಹಣವಾಡುವಾಗಲೇ ಮಾಡು ಬದಲಾಗುವುದು. ಆದ್ದರಿಂದ ಈ ವಿಚಾರಕ್ಕೆ ಇದು ಸಕಾಲ.

(ಮೇಲ್ಛಾವಣಿಯನ್ನು ನಾವು ಒಳಗಿನಿಂದ ನೋಡುವವರೇ ಹೊರತು ಹೊರಗಿನಿಂದ ನೋಡುವವರಲ್ಲ. ತಿಪಟೂರು ತಾಲ್ಲೂಕಿನ ಅರಳಗುಪ್ಪೆಯ ಕಲ್ಲೇಶ್ವರ ದೇವಾಲಯಕ್ಕೆ ಹೋದವರೆಲ್ಲ ಕತ್ತೆತ್ತಿ ನೋಡುವುದು ಅದರ ಭುವನೇಶ್ವರಿಯ ನಟರಾಜನನ್ನು. ಅದೇ ಕಲ್ಲಿನ ಬೆನ್ನಿನ ಮೇಲೆ ಬಿದ್ದ ಮಳೆ ಎತ್ತ ಹೋಗುತ್ತದೆಂದು ಕೇಳಿದವರನ್ನು ನಾನು ಕಾಣೆ.)

ಇನ್ನು ಒಂದೊಂದು ಮಾಡಿನ ಗುಣ. ಗರಿಯ ಮಾಡಿನ ವಿಚಾರದಲ್ಲಿ ಹೆಚ್ಚು ಹೇಳಬೇಕಾದದ್ದಿಲ್ಲ. ಅದು ನೀರನ್ನು ಹೆಚ್ಚಾಗಿ ತಾನೇ ಕುಡಿಯುತ್ತದೆ, ಬಿಟ್ಟುಕೊಟ್ಟದ್ದು ಚಹದ ಬಣ್ಣದ್ದಾಗಿರುತ್ತದೆ. ಗಿಡದ ಬುಡಕ್ಕೆ ಅದರಿಂದ ಕೇಡಿಲ್ಲ, ಆದರೆ ಹನಿ ನೀರಾವರಿಯ ಸಣ್ಣ ರಂಧ್ರಗಳು ಕಟ್ಟಿಕೊಳ್ಳುತ್ತವೆ. ಚಿಕ್ಕನಾಯಕನಹಳ್ಳಿಯಿಂದ ಹುಳಿಯಾರು ದಾಟಿ ಹಿರಿಯೂರಿನ ಕಡೆಗೆ ನಡೆದರೆ ಬಯಲುಸೀಮೆಯ ಮಣ್ಣಿನ ಮಾಳಿಗೆಗಳು ಎದುರಾಗುತ್ತವೆ. ಮಾಳಿಗೆ ಸೋರದಿರಲೆಂದು ಮೇಲೆ ಕರಲು ಮಣ್ಣನ್ನು ಹರವುವುದು ಹಿಂದಿನವರ ಜಾಣತನ. ನೆನೆದೊಡನೆ ಉಬ್ಬಿ ಸಂದು ಮುಚ್ಚುವುದು ಅದರ ಸ್ವಭಾವ. ಹೊಲದಲ್ಲಿ ಯಾವ ಗುಣದಿಂದ ಕರಲು ಬೆಳೆಗೆ ಶತ್ರುವೋ ಮಾಳಿಗೆಯ ಮೇಲೆ ಅದೇ ಗುಣದಿಂದ ಮಿತ್ರ. ಆ ನೀರನ್ನು ಮಾತ್ರ ತೋಟಕ್ಕೆ ಹಾಯಿಸಲಾಗದು.

ಹೆಂಚು ಸುಟ್ಟ ಮಣ್ಣು. ತನ್ನಿಂದ ನೀರಿಗೆ ಸೇರಿಸುವುದು ಬಹಳ ಕಡಿಮೆ. ಅದರ ದೋಷವೆಲ್ಲ ಒರಟುತನದಲ್ಲಿದೆ. ಧೂಳು, ಹಕ್ಕಿಯ ಹಿಕ್ಕೆ, ಪಾಚಿ, ಎಲೆ ಸಂದುಗಳಲ್ಲಿ ಕೂತು ಒಂದೊಂದು ಮಳೆಗೂ ಅಷ್ಟಷ್ಟು ಬಿಡುತ್ತವೆ. ತಗಡು ಇದಕ್ಕೆ ವಿರುದ್ಧ. ನುಣುಪಾದ್ದರಿಂದ ಬೇಗ ತೊಳೆದುಕೊಳ್ಳುತ್ತದೆ. ಬಿಸಿಲಿಗೆ ಕಾದು ಮೇಲಿನ ಕ್ರಿಮಿಗಳನ್ನೂ ಕೊಲ್ಲುತ್ತದೆ. ಅಮೆರಿಕದ ಟೆಕ್ಸಾಸ್ ವಿಶ್ವವಿದ್ಯಾಲಯದ ಸಂಶೋಧಕರು ಬೇರೆ ಬೇರೆ ಮಾಡುಗಳ ನೀರನ್ನು ಪರೀಕ್ಷಿಸಿ 2011ರಲ್ಲಿ ಪ್ರಕಟಿಸಿದ ಲೇಖನದಲ್ಲಿ, ಮಲಿನತೆಯ ಸೂಚಕವಾದ ಕ್ರಿಮಿಗಳು ಲೋಹದ ಮಾಡಿನ ನೀರಿನಲ್ಲಿ ಕಡಿಮೆಯೆಂದು ಕಂಡಿತ್ತು. ಆದರೆ ಯಾವ ಮಾಡಿನ ನೀರೂ ಸಂಸ್ಕರಿಸದೆ ಕುಡಿಯಲು ತಕ್ಕದ್ದಲ್ಲವೆಂದೂ ಕಂಡಿತ್ತು. ತಗಡಿನ ದೋಷ ಬೇರೆ: ತುಕ್ಕು ಹಿಡಿಯದಿರಲೆಂದು ಬಳಿದ ಸತು. ಮಳೆನೀರು ಗಾಳಿಯ ಇಂಗಾಲಾಮ್ಲವನ್ನು ಹೀರಿ ಹುಟ್ಟಿನಿಂದಲೇ ಕೊಂಚ ಹುಳಿಯಾಗಿರುತ್ತದೆ. ಆ ಹುಳಿ ಸತುವನ್ನು ಕರಗಿಸುತ್ತದೆ. ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆ 1985ರ ತನ್ನ ಮಾರ್ಗಸೂಚಿಯಲ್ಲಿ ನೀರಾವರಿಯ ನೀರಿಗೆ ಹಾಕಿದ ಮಿತಿ ಲೀಟರಿಗೆ 2 ಮಿಲಿಗ್ರಾಂ ಸತು. ಹೊಸ ತಗಡಿನ ಮೊದಲ ಮಳೆಗಳಲ್ಲಿ ಈ ಮಿತಿ ಮೀರುವುದುಂಟು. ಬೆಳೆದ ತೆಂಗಿಗೆ ಅದರಿಂದ ಭಯವಿಲ್ಲ; ಚೀಲದಲ್ಲಿ ಅಂಗೈಯಗಲ ಮಣ್ಣಿನಲ್ಲಿ ನಿಂತ ಸಸಿಗೆ ಆ ಮಾತು ಹೇಳಲಾಗದು. ಬಣ್ಣದ ಲೇಪವಿರುವ ಈಗಿನ ಶೀಟುಗಳು ಸತುವನ್ನು ಬಹಳ ಕಡಿಮೆ ಬಿಡುತ್ತವೆ, ಲೇಪ ಕಿತ್ತುಹೋಗುವವರೆಗೆ.

ಸಿಮೆಂಟ್ ಶೀಟು ಎಂದು ನಾವು ಕರೆಯುವುದು ಕಲ್ನಾರು ಬೆರೆತ ಹಾಳೆ. ಹೆಸರಿನಲ್ಲಿ ಸಿಮೆಂಟಿನ ಮಾತಷ್ಟೇ ಉಳಿದು ಕಲ್ನಾರು ಮರೆಯಾದದ್ದು ಭಾಷೆಯನ್ನು ಓದುವವನಿಗೆ ಗಮನಾರ್ಹ. ಹೆಸರು ಮರೆತಲ್ಲಿ ಎಚ್ಚರವೂ ಮರೆಯುತ್ತದೆ. ಅರವತ್ತಕ್ಕೂ ಹೆಚ್ಚು ದೇಶಗಳು ಕಲ್ನಾರನ್ನು ನಿಷೇಧಿಸಿವೆ. ಅದರ ಎಳೆ ಕೇಡು ಮಾಡುವುದು ಮುಖ್ಯವಾಗಿ ಉಸಿರಿನ ಮೂಲಕ, ಶ್ವಾಸಕೋಶಕ್ಕೆ. ನೀರಿನೊಡನೆ ಹೊಟ್ಟೆಗೆ ಹೋದ ಎಳೆಯ ವಿಚಾರದಲ್ಲಿ ಅಂಥ ಖಚಿತ ಸಾಕ್ಷ್ಯವಿಲ್ಲವೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಹಾಗಾದರೆ ನೀರಾವರಿಗೆ ನಿರ್ಭಯವೇ? ಹಳತಾಗಿ ಮೈ ಸವೆದ ಶೀಟಿನಿಂದ ಎಳೆಗಳು ನೀರಿನೊಡನೆ ಇಳಿದು ದೋಣಿಯ ಕೆಸರಿನಲ್ಲಿ, ತೊಟ್ಟಿಯ ತಳದಲ್ಲಿ ಕೂಡುತ್ತವೆ. ಆ ಕೆಸರು ಒಣಗಿದಾಗ ಅದನ್ನು ಗುಡಿಸುವವರ ಮೂಗಿಗೆ ಏರುತ್ತದೆ. ಶೀಟಿನ ಮೇಲಿನ ಪಾಚಿಯನ್ನು ತಂತಿಯ ಬ್ರಷ್ಷಿನಿಂದ ಉಜ್ಜುವುದಂತೂ ಆಪತ್ತನ್ನು ಕೈಯಾರೆ ಕರೆದಂತೆ. ನೀರು ಗಿಡಕ್ಕೆ, ಧೂಳು ಮನುಷ್ಯನಿಗೆ. ಆದುದರಿಂದ ಅಂಥ ದೋಣಿಯನ್ನು ಒದ್ದೆಯಿರುವಾಗಲೇ ಬಳಿಯಬೇಕು.

ತಾರಸಿಯ ವಿಷಯ ಎಲ್ಲಕ್ಕಿಂತ ಸ್ವಾರಸ್ಯವುಳ್ಳದ್ದು. ಸಿಮೆಂಟಿನಲ್ಲಿರುವ ಸುಣ್ಣ ಮಳೆಯ ಹುಳಿಯನ್ನು ಮುರಿಯುತ್ತದೆ, ಸ್ವಲ್ಪ ಸುಣ್ಣ ನೀರಿಗೆ ಸೇರುತ್ತದೆ. ಶುದ್ಧಿಯ ತಕ್ಕಡಿಯಲ್ಲಿ ತೂಗಿದರೆ ಇದು ದೋಷ. ಆದರೆ ಮೇಲೆ ಹೇಳಿದ ಮಾರ್ಗಸೂಚಿಯೇ ಇನ್ನೊಂದು ಮಾತನ್ನೂ ಹೇಳುತ್ತದೆ: ಲವಣಾಂಶ ತೀರ ಕಡಿಮೆಯಾದ ನೀರು ಮೇಲ್ಮಣ್ಣಿನ ಸುಣ್ಣವನ್ನು ತೊಳೆದುಕೊಂಡು ಹೋಗಿ, ಮಣ್ಣಿನ ಹರಳು ಒಡೆದು, ಮೇಲೆ ಹೆಪ್ಪುಗಟ್ಟಿ, ನೀರು ಇಂಗದಂತೆ ಮಾಡುತ್ತದೆ. ಮಳೆ ನಿಂತ ಮೇಲೆ ಕೆಂಪು ಮಣ್ಣಿನ ಹೊಲದಲ್ಲಿ ತೆಳ್ಳನೆಯ ಹಪ್ಪಳದಂತಹ ಪದರ ಕಟ್ಟುವುದನ್ನು ಕಂಡವರಿಗೆ ಇದು ಹೊಸದೇನಲ್ಲ. ಹನಿಗಳ ಹೊಡೆತದ ಜೊತೆಗೆ ಈ ಕಾರಣವೂ ಸೇರಿರುತ್ತದೆ. ತಾರಸಿಯ ಮೇಲೆ ಹಾದುಬಂದ ಮಳೆ ಬರಿಯ ಮಳೆಗಿಂತ ಆ ಮಣ್ಣಿಗೆ ಹಿತ. ಕೊಳವೆಬಾವಿಯ ಗಡಸು ನೀರಿನೊಡನೆ ಯಾವ ಮಾಡಿನ ನೀರನ್ನು ಬೆರೆಸಿದರೂ ಎರಡೂ ಸುಧಾರಿಸುತ್ತವೆ: ಮಳೆಗೆ ಬೇಕಾದ ಲವಣ ದೊರೆಯುತ್ತದೆ, ಬಾವಿಯ ನೀರಿನ ಗಡಸು ತಗ್ಗುತ್ತದೆ, ಹನಿ ಕೊಳವೆಯಲ್ಲಿ ಸುಣ್ಣ ಕಟ್ಟುವುದು ಕಡಿಮೆಯಾಗುತ್ತದೆ. ಶುದ್ಧವೆಂಬ ಪದಕ್ಕೆ ನಾವು ಗಂಟಲನ್ನೇ ಅಳತೆಗೋಲಾಗಿ ಇಟ್ಟುಕೊಂಡಿದ್ದೇವೆ. ಬೇರಿನ ಅಳತೆಗೋಲು ಬೇರೆ.

ಮಾಡು ಯಾವುದಾದರೇನು, ಅದರ ಮೇಲೆ ಬಿದ್ದು ಕೂತದ್ದೂ ನೀರಿಗೆ ಬರುತ್ತದಷ್ಟೆ. ಚಿಕ್ಕನಾಯಕನಹಳ್ಳಿಯ ಬೆಟ್ಟಸಾಲಿನಲ್ಲಿ ಕಬ್ಬಿಣ, ಮ್ಯಾಂಗನೀಸುಗಳ ಅದಿರಿದೆ. ಬಳ್ಳಾರಿಯ ಹಿಂದೆಯೇ ತುಮಕೂರು, ಚಿತ್ರದುರ್ಗ ಜಿಲ್ಲೆಗಳ ಗಣಿಗಳನ್ನೂ ಸರ್ವೋಚ್ಚ ನ್ಯಾಯಾಲಯ 2011ರ ಆಗಸ್ಟಿನಲ್ಲಿ ನಿಲ್ಲಿಸುವವರೆಗೆ ಅದಿರಿನ ಲಾರಿಗಳು ಓಡಿದ ದಾರಿಗಳ ಪಕ್ಕದಲ್ಲಿ ಹೆಂಚು, ಗರಿ, ಬಟ್ಟೆ ಎಲ್ಲವೂ ಒಂದೇ ಬಣ್ಣಕ್ಕೆ ತಿರುಗುತ್ತಿದ್ದವು. ಅಂಥ ಊರಿನಲ್ಲಿ ಹೆಂಚೋ ತಗಡೋ ಎಂಬ ಚರ್ಚೆಗಿಂತ ಧೂಳಿನ ಚರ್ಚೆಯೇ ದೊಡ್ಡದು; ಕಬ್ಬಿಣದ ಕೆಸರು ಹನಿ ನೀರಾವರಿಯ ಹಳೆಯ ವೈರಿ. ತೋಟದೊಳಗಿನ ಮನೆಗಳಿಗೆ ಬೇರೊಂದು ಬಾಧೆಯಿದೆ. 2016ರಲ್ಲಿ ಪೊಳ್ಳಾಚಿಯಲ್ಲಿ ಮೊದಲು ಕಾಣಿಸಿ ದಕ್ಷಿಣದ ತೆಂಗಿನ ನಾಡುಗಳಿಗೆಲ್ಲ ಹಬ್ಬಿದ ಸುರುಳಿ ಬಿಳಿನೊಣ ಗರಿಯ ಅಡಿಯಲ್ಲಿ ಕೂತು ಅಂಟುರಸ ಸುರಿಸುತ್ತದೆ. ಆ ಅಂಟಿನ ಮೇಲೆ ಕಪ್ಪು ಬೂಷ್ಟು ಬೆಳೆಯುತ್ತದೆ. ಗರಿ ಚಾಚಿದ ಕಡೆ ಮಾಡಿನ ಮೇಲೂ ಅದೇ ಕರಿ ಪದರ. ಇನ್ನು ನೊಣಕ್ಕೋ ಕಪ್ಪುತಲೆ ಹುಳುವಿಗೋ ಎತ್ತರದ ಮರಕ್ಕೆ ಔಷಧ ಸಿಂಪಡಿಸಿದರೆ ಅದರ ಒಂದು ಪಾಲು ಕೆಳಗಿನ ಮಾಡಿನ ಮೇಲೆ ಬಿದ್ದೇ ಬೀಳುತ್ತದೆ. ಮುಂದಿನ ಮಳೆ ಅದನ್ನು ತೊಳೆದು ತರುತ್ತದೆ.

ಈಗ ಕೊಳವೆಬಾವಿಯ ಮಾತು. ಕೇಸಿಂಗ್ ಪೈಪಿಗೆ ರಂಧ್ರ ಕೊರೆದು, ಸುತ್ತ ಗುಂಡಿ ತೋಡಿ, ಕಲ್ಲು, ಜಲ್ಲಿ, ಮರಳು ತುಂಬಿ, ಸೂರಿನ ನೀರನ್ನು ಅದಕ್ಕೆ ಬಿಡುವ ಕ್ರಮ ಈಗ ಎಲ್ಲರಿಗೂ ಗೊತ್ತಿದೆ. ನೀರಾವರಿಯ ಕೊಳವೆಬಾವಿಗೆ ನೀರು ಬಿಡುತ್ತೇವೆ, ಗಿಡಕ್ಕೆ ತಾನೇ, ಎಂದು ಜನ ನಿಶ್ಚಿಂತರಾಗಿರುತ್ತಾರೆ. ನನಗೆ ಚಿಂತೆಯಾಗುವುದು ಇಲ್ಲಿಯೇ. ನೆಲದ ಮೇಲೆ ಹರಿಸಿದ ನೀರನ್ನು ಹಲವು ಅಡಿ ಜೀವಂತ ಮಣ್ಣು ಸೋಸುತ್ತದೆ. ಸತುವನ್ನು ಹಿಡಿದಿಟ್ಟುಕೊಳ್ಳುತ್ತದೆ, ಕ್ರಿಮಿಯನ್ನು ಕೊಲ್ಲುತ್ತದೆ, ಔಷಧದ ಶೇಷವನ್ನೂ ಕಾಲಕ್ರಮದಲ್ಲಿ ಬಹುಮಟ್ಟಿಗೆ ಒಡೆಯುತ್ತದೆ. ಕೇಸಿಂಗಿನ ರಂಧ್ರದಿಂದ ಇಳಿದ ನೀರಿಗೆ ಆ ಮಣ್ಣು ಸಿಕ್ಕುವುದೇ ಇಲ್ಲ. ಮೂರಡಿ ಮರಳು ಕೆಸರನ್ನು ತಡೆಯುತ್ತದೆ, ಕರಗಿದ್ದನ್ನು ತಡೆಯುವುದಿಲ್ಲ. ನಮ್ಮದು ಗಟ್ಟಿ ಶಿಲೆಯ ನಾಡು. ಕೆಳಗೆ ನೀರು ಸಂಚರಿಸುವುದು ಬಂಡೆಯ ಸೀಳುಗಳಲ್ಲಿ, ಮತ್ತು ಸೀಳಿಗೆ ತೋಟದ ಬೇಲಿ ಗೊತ್ತಿಲ್ಲ. ಒಬ್ಬರ ತೋಟದ ಬಾವಿಗೂ ಊರ ಕುಡಿಯುವ ನೀರಿನ ಬಾವಿಗೂ ಒಂದೇ ಸೀಳು ನೀರುಣಿಸುತ್ತಿರಬಹುದು. ಗಿಡಕ್ಕೆಂದು ಕ್ಷಮಿಸಿದ ನೀರು ಹೀಗೆ ಗಂಟಲಿನ ದಾರಿ ಹಿಡಿಯುತ್ತದೆ. ಈ ಜಿಲ್ಲೆಯ ಪಾವಗಡ, ಸಿರಾಗಳ ಕಡೆ ಬಂಡೆಯೇ ಬಿಡುವ ಫ್ಲೋರೈಡಿನಿಂದ ಜನ ಪಟ್ಟ ಪಾಡು ನಮ್ಮ ಕಣ್ಣ ಮುಂದಿದೆ. ಅಂಥ ಕಡೆ ಮಳೆನೀರನ್ನು ಇಳಿಸಿದರೆ ಫ್ಲೋರೈಡು ತೆಳುವಾದೀತೆಂಬುದು ನಿಜವಾದ ಲಾಭ. ಅದಕ್ಕಾಗಿಯೇ ಇಳಿಸುವ ನೀರು ಯಾವ ಮಾಡಿನದೆಂದು ನೋಡಬೇಕಾಗಿದೆ.

ಹಾಗಾದರೆ ಎಲ್ಲರೂ ಮಾಡು ಬದಲಾಯಿಸಬೇಕೆ? ಅದು ಆಗದ ಮಾತು, ಬೇಕಾಗಿಯೂ ಇಲ್ಲ. ಇರುವ ಆರು ಬಗೆಯ ಮಾಡುಗಳ ನೀರನ್ನು ಒಂದೇ ಕೊಳವೆಗೆ ಸೇರಿಸದೆ, ಒಂದೊಂದಕ್ಕೂ ಅದರದರ ದಾರಿ ತೋರಿಸಿದರೆ ಬಹುಪಾಲು ತೊಡಕು ನೀಗುತ್ತದೆ. ಕೊಟ್ಟಿಗೆಯ ಸಿಮೆಂಟ್ ಶೀಟಿನ ನೀರು, ಹೊಸ ತಗಡಿನ ಮೊದಲ ವರ್ಷದ ನೀರು, ಔಷಧ ಹೊಡೆದ ಮರಗಳ ಕೆಳಗಿನ ಶೆಡ್ಡಿನ ನೀರು ಬೆಳೆದ ತೆಂಗಿನ ಪಾತಿಗೆ ನೇರವಾಗಿ ಹರಿದು ಮಣ್ಣಿನಲ್ಲಿಯೇ ಇಂಗಲಿ. ಹಸಿಯಾಗಿ ತಿನ್ನುವ ಸೊಪ್ಪು, ಸೌತೆಗಳ ಮಡಿಗೆ ಹಕ್ಕಿಗಳು ಕೂರುವ ಹಳೆಯ ಹೆಂಚಿನ ನೀರನ್ನು ಮೇಲಿನಿಂದ ಚಿಮುಕಿಸದೆ ಬುಡಕ್ಕೆ ಬಿಡಬೇಕು. ಕೊಳವೆಬಾವಿಗೆ ಹೋಗತಕ್ಕದ್ದು ತೊಳೆದಿಟ್ಟ ತಾರಸಿಯ ನೀರು, ಇಲ್ಲವೆ ಮರದ ನೆರಳಿಲ್ಲದ ಹೆಂಚಿನ ನೀರು. ಅದೂ ಮಳೆಯ ಆರಂಭದ್ದಲ್ಲ. ಹತ್ತು ಚದರದ ಮಾಡಿನ ಮೇಲೆ ಮೊದಲ ಎರಡು ಮಿಲಿಮೀಟರ್ ಮಳೆಯೆಂದರೆ 186 ಲೀಟರು. ಇನ್ನೂರು ಲೀಟರಿನ ಒಂದು ಡ್ರಮ್ಮನ್ನು ದೋಣಿಯ ಬಾಯಿಗೆ ಇಟ್ಟು, ಅದು ತುಂಬಿದ ಮೇಲೆ ಉಳಿದದ್ದು ಮುಂದೆ ಹರಿಯುವಂತೆ ಮಾಡಿದರೆ, ವಾರಗಟ್ಟಲೆ ಕೂತ ಧೂಳು, ಹಿಕ್ಕೆ, ಬೂಷ್ಟು ಬಹುಮಟ್ಟಿಗೆ ಅದರಲ್ಲಿಯೇ ನಿಲ್ಲುತ್ತವೆ. ಅದರ ಬುಡಕ್ಕೆ ಒಂದು ನಲ್ಲಿ ಬೇಕು, ಮಳೆ ನಿಂತ ಮೇಲೆ ಯಾರಾದರೂ ಅದನ್ನು ತಿರುಗಿಸಬೇಕು. 2006–07ರ ಸುಮಾರಿಗೆ ಸುವರ್ಣಜಲ ಯೋಜನೆಯಲ್ಲಿ ನಮ್ಮ ಗ್ರಾಮೀಣ ಶಾಲೆಗಳಿಗೆ ಬಂದ ಮಳೆನೀರಿನ ತೊಟ್ಟಿಗಳು ಹಲವೆಡೆ ನಿಷ್ಪ್ರಯೋಜಕವಾದದ್ದು ತಂತ್ರಜ್ಞಾನದ ಕೊರತೆಯಿಂದಲ್ಲ, ಈ ತಿರುಗಿಸುವ ಕೈಯ ಕೊರತೆಯಿಂದ.

ಊರ ನೀರಿನ ಬಾವಿಗಳ ಸುತ್ತ ಮರುಪೂರಣದ ಗುಂಡಿಗಳಿಗೆ ಹಣ ಕೊಡುವ ಗ್ರಾಮ ಪಂಚಾಯಿತಿಗಳು ಗುಂಡಿಯ ಉದ್ದ, ಅಗಲ, ಜಲ್ಲಿಯ ಲೆಕ್ಕವನ್ನು ಬರೆಸಿಕೊಳ್ಳುತ್ತವೆ. ಆ ಕಾಗದದಲ್ಲಿ ಇನ್ನೆರಡು ಸಾಲು ಸೇರಬೇಕು: ನೀರು ಬರುವ ಮಾಡು ಯಾವುದರದು, ಅದರ ಮೇಲೆ ಏನು ಬೀಳುತ್ತದೆ. ಬರೆಸಿಕೊಳ್ಳುವುದಕ್ಕೆ ಖರ್ಚಿಲ್ಲ; ಉತ್ತರ ಕಲ್ನಾರೆಂದೋ ಹೊಸ ತಗಡೆಂದೋ ಬಂದಲ್ಲಿ ಕೊಳವೆಯನ್ನು ಬಾವಿಯ ಕಡೆಯಿಂದ ತೋಟದ ಕಡೆಗೆ ತಿರುಗಿಸುವುದಕ್ಕೆ ಒಂದೆರಡು ಪೈಪು ಹೆಚ್ಚು ಬೇಕಾದೀತು, ಅಷ್ಟೆ.